ದೊಡ್ಡಕ್ಷರದ ಮಾವ

"ಇನ್ನು ಈ ಮನೆಯ ಕಂಪ್ಯೂಟರಿಗೆ ಒಂದೇ ಒಂದು ಕಸದ ಮೇಲ್ ಬರಲಿ, ನನ್ನ ಹೆಸರು ಸೇತುರಾಮನೇ ಅಲ್ಲ!"

2004ರ ಒಂದು ಶನಿವಾರ ಬೆಳಿಗ್ಗೆ ಇಟ್ಟಮಡುವಿನ ತನ್ನ ನಡುಮನೆಯಲ್ಲಿ ನಿಂತು ಈ ಪ್ರತಿಜ್ಞೆ ಮಾಡಿದಾಗ ಸೇತುರಾಮನ ಮುಖ ಕಿವಿಯವರೆಗೂ ಕೆಂಪಾಗಿತ್ತು. ಸಿಟ್ಟು ಬಾರದೆ ಇನ್ನೇನು? ದಿನಕ್ಕೆ ನಲವತ್ತು ಮೇಲ್! ಯಾವುದೋ ದೇಶದ ಸತ್ತ ಮಂತ್ರಿಯ ಹೆಂಡತಿ ತನ್ನ ಗಂಟನ್ನೆಲ್ಲ ಇವನ ಕೈಗೇ ಒಪ್ಪಿಸಬೇಕಂತೆ. ಕೊಳ್ಳದೇ ಇದ್ದ ಲಾಟರಿ ಹೊಡೆದಿದೆಯಂತೆ. ಅವೆರಡನ್ನೂ ಹಾಳಾಗಿ ಹೋಗಲಿ ಎಂದು ಬಿಡಬಹುದಿತ್ತು. ಆದರೆ ಅಂದು ಹೆಂಡತಿ ಚೂಡಾಮಣಿ ಬೆನ್ನ ಹಿಂದೆ ನಿಂತಿದ್ದಾಗಲೇ ಗಂಡಸರ ಶಕ್ತಿ ಹೆಚ್ಚಿಸುವ ಮಾತ್ರೆಯ ಜಾಹೀರಾತು, ಬಣ್ಣದ ಚಿತ್ರದ ಸಮೇತ, ಪರದೆ ತುಂಬ ಬಿಚ್ಚಿಕೊಂಡಿತು.

"ಇದು ನಿಮಗೇ ಯಾಕ್ರೀ ಬರುತ್ತೆ?"

"ಊರಿಗೆಲ್ಲ ಬರುತ್ತೆ ಕಣೇ!"

"ಊರಿಗೆಲ್ಲ ಬರೋದಾದ್ರೆ ಪ್ರಿಯ ಸೇತುರಾಮ ಅಂತ ಯಾಕೆ ಬರೆದಿದ್ದಾರೆ?"

ಚೂಡಾಮಣಿ ಅಲ್ಲಿ ನಿಂತಿದ್ದಕ್ಕೆ ಕಾರಣವಿತ್ತು. ಅವಳ ಅಪ್ಪ ಅಶ್ವತ್ಥಯ್ಯನವರು ಅರಸೀಕೆರೆಯ ತಂತಿ ಕಚೇರಿಯಿಂದ ನಿವೃತ್ತರಾದವರು. ಒಂಬತ್ತು ವರ್ಷದ ಹಿಂದೆ ಈ ಮನೆಯ ಗೃಹಪ್ರವೇಶಕ್ಕೆ ಸೇತುರಾಮ ಖುದ್ದಾಗಿ ಹೋಗಿ, ಕುಂಕುಮ ಅಕ್ಷತೆ ಕೊಟ್ಟು ಅವರನ್ನು ಕರೆಯದೆ, ಕಾರ್ಡನ್ನು ಅಂಚೆಗೆ ಹಾಕಿ ಕೈತೊಳೆದುಕೊಂಡಿದ್ದ. "ನನ್ನನ್ನ ಕರೆದಿದ್ದು ಪೋಸ್ಟ್‌ಮ್ಯಾನು, ಅಳಿಯ ಅಲ್ಲ" ಎಂದ ಮಾವನವರು ಅಂದಿನಿಂದ ಈ ಹೊಸಿಲು ತುಳಿದಿರಲಿಲ್ಲ. ಮಗಳು ಫೋನಿನಲ್ಲಿ ಅತ್ತೂ ಅತ್ತೂ ಈಗ ಕೊನೆಗೂ ಒಪ್ಪಿದ್ದರು. ಅದಕ್ಕೂ ಒಂದು ಷರತ್ತು.

"ಬರೋ ದಿನ ಅಳಿಯಂದ್ರಿಗೇ ಇ-ಮೇಲ್ ಮಾಡ್ತೀನಿ. ನಿನಗೆ ಹೇಳಲ್ಲ, ಹೇಳಿದ್ರೆ ನೀನು ಅವರನ್ನ ತಳ್ಳಿಕೊಂಡು ಬರ್ತೀಯ. ಅವರಾಗೇ ಬಸ್ ಸ್ಟ್ಯಾಂಡಿಗೆ ಬಂದ್ರೆ ಮನೆಗೆ ಬರ್ತೀನಿ. ಇಲ್ದಿದ್ರೆ ಇದೇ ಕೊನೆ."

ಹೀಗೆ ಮಾವನ ಮೇಲ್‌ಗಾಗಿ ಕಾಯುವ ಪವಿತ್ರ ಪರದೆಯ ಮೇಲೆ ಮಾತ್ರೆಯ ಮೆರವಣಿಗೆ! ಸೇತುರಾಮ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಮಧುಮತಿಯಿಂದ ಅಂದೇ ಮೇಲ್ ಸೋಸುವ ಸಿ.ಡಿ. ಒಂದನ್ನು ತಂದ. ಹಲ್ಲು ಕಚ್ಚಿಕೊಂಡು ಕೂತು ಒಂದೊಂದೇ ಕಾನೂನು ಬರೆದ. ಬಿಟ್ಟಿ ಎಂಬ ಮಾತು ಬಂದರೆ ಹೊರಕ್ಕೆ! ಎರಡು ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಹೊರಕ್ಕೆ! ಇಡೀ ಕಾಗದ ಇಂಗ್ಲಿಷಿನ ದೊಡ್ಡಕ್ಷರದಲ್ಲಿದ್ದರೆ, ಕೇಳುವುದೇ ಬೇಡ, ಕತ್ತು ಹಿಡಿದು ಹೊರಕ್ಕೆ!

ಸೋಮವಾರ ಇದನ್ನು ಕೇಳಿ ಮಧುಮತಿ ಗಾಬರಿಯಾದಳು. "ಅಷ್ಟು ಬಿಗಿ ಮಾಡ್ಬೇಡಿ ಸಾರ್. ಹತ್ತು ಕೆಟ್ಟದ್ದು ಒಳಗೆ ಬಂದ್ರೆ ಅಳಿಸ್ಬಹುದು. ಒಂದು ಒಳ್ಳೇದು ಹೊರಗೆ ಹೋದ್ರೆ ಬಂದಿತ್ತು ಅಂತಾನೇ ಗೊತ್ತಾಗಲ್ಲ."

"ದೊಡ್ಡಕ್ಷರ ಅಂದ್ರೆ ಕಿರುಚಿದ ಹಾಗೆ. ಕಿರುಚೋರೆಲ್ಲ ಕಳ್ಳರು ಕಣಮ್ಮ! ಮರ್ಯಾದಸ್ಥರು ಯಾರು ದೊಡ್ಡಕ್ಷರದಲ್ಲಿ ಬರೀತಾರೆ?"

"ಆದ್ರೂ ತಡೆದಿದ್ದೆಲ್ಲ ಕಸದ ಬುಟ್ಟೀಲಿ ಒಂದು ತಿಂಗಳು ಇರುತ್ತೆ, ಆಮೇಲೆ ತಾನೇ ಅಳಿಸಿಹೋಗುತ್ತೆ. ದಿನಾ ಒಂದ್ಸಲ ತೆಗೆದು ನೋಡ್ತಿರಿ."

"ಕಸ ಕೆದಕೋಕೆ ನಾನೇನು ಕೋಳೀನಾ?"

ಮಂಗಳವಾರ ಒಂದೂ ಮೇಲ್ ಇಲ್ಲ. ಬುಧವಾರವೂ ಇಲ್ಲ. ಸೇತುರಾಮ ಕೋಟೆ ಗೆದ್ದವನ ಗತ್ತಿನಲ್ಲಿ ಹೆಂಡತಿಗೆ ಖಾಲಿ ಪರದೆ ತೋರಿಸಿದ.

"ಅಪ್ಪಂದು ಬಂತಾ?"

"ಬಂದಿದ್ರೆ ಕಾಣ್ತಿರ್ಲಿಲ್ವಾ? ನೋಡು, ಎಷ್ಟು ಸ್ವಚ್ಛ!"

"ನಿಮ್ಮ ಆಫೀಸಿಂದೂ ಬಂದಿಲ್ವಲ್ರೀ."

"ಅವರೂ ಕಸಾನೇ!"

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅವನು ಕಾಲು ಚಾಚಿದ್ದ. ಗೇಟಿನ ಮುಂದೆ ಆಟೋ ನಿಂತಿತು. ಡ್ರೈವರ್ ಮುನಿಯಣ್ಣ ಒಂದು ಮೂಟೆ ತೆಂಗಿನಕಾಯಿ ಇಳಿಸಿದ.

"ಸೇತುರಾಮ ಅಂದ್ರೆ ನೀವೇನಾ ಸಾರ್? ಬನಶಂಕರಿ ಬಸ್ ಸ್ಟ್ಯಾಂಡಲ್ಲಿ ಒಬ್ರು ಯಜಮಾನ್ರು ಕೊಟ್ಟು ಕಳಿಸಿದ್ರು. ಬಿಸಿಲಲ್ಲಿ ಮೂರು ಗಂಟೆ ಕಾದ್ರಂತೆ. ಕಾಯಿ ಮಗಳಿಗೆ, ಅಳಿಯಂಗಲ್ಲ ಅಂತ ಮರೀದೆ ಹೇಳು ಅಂದ್ರು."

"ಅವರೆಲ್ಲಿ?" ಚೂಡಾಮಣಿ ಓಡಿ ಬಂದಳು.

"ವಾಪಸ್ ಹೋದ್ರಲ್ಲಮ್ಮ. ಮೆಜೆಸ್ಟಿಕ್ ಬಸ್ ಹತ್ತಿದ್ದನ್ನ ನಾನೇ ನೋಡ್ದೆ."

ಚೂಡಾಮಣಿ ಗಂಡನ ಕಡೆ ನೋಡಿದಳು. ಬೆರಳನ್ನು ಕಂಪ್ಯೂಟರಿನ ಕಡೆ ನೆಟ್ಟಗೆ ಚಾಚಿದಳು. ಅವಳು ಬೈದಿದ್ದರೇ ಸೇತುರಾಮನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕಸದ ಬುಟ್ಟಿ ತೆರೆದ. ಮುನ್ನೂರು ಚಿಲ್ಲರೆ ಮೇಲ್! ಒಂದೊಂದೇ ಕೆದಕಿದ, ಥೇಟ್ ಕೋಳಿಯ ಹಾಗೆ. ಮಾತ್ರೆ, ಲಾಟರಿ, ಮಂತ್ರಿಯ ಹೆಂಡತಿ, ಮತ್ತೆ ಮಾತ್ರೆ. ಅದರ ಕೆಳಗೆ, ಗುರುವಾರದ ತಾರೀಖಿನಲ್ಲಿ, ಇಂಗ್ಲಿಷಿನ ಭರ್ಜರಿ ದೊಡ್ಡಕ್ಷರಗಳಲ್ಲಿ ಎರಡು ಸಾಲು: "ಭಾನುವಾರ ಹನ್ನೊಂದಕ್ಕೆ ಬನಶಂಕರಿ ಬಸ್ ನಿಲ್ದಾಣ ತಲುಪುವೆ. ತಾವೇ ಬನ್ನಿ. ಅಶ್ವತ್ಥಯ್ಯ."

ನಲವತ್ತು ವರ್ಷ ದೊಡ್ಡಕ್ಷರದಲ್ಲೇ ತಂತಿ ಕಳಿಸಿದ ಕೈ. ಅದಕ್ಕೆ ಸಣ್ಣಕ್ಷರ ಎಂಬುದೊಂದಿದೆ ಎಂದೇ ಗೊತ್ತಿರಲಿಲ್ಲ! ತಂತಿಯವರ ಮನೆಯಿಂದ ಹೆಣ್ಣು ತಂದವನಿಗೆ ಇಷ್ಟು ನೆನಪಿರಬೇಡವೇ?

ಆಗ ಚೂಡಾಮಣಿಯ ಬಾಯಿ ತೆರೆಯಿತು. "ಯಾರ್ಯಾರಿಗೋ ಬಾಗಿಲು ಹಾಕೋಕೆ ಹೋಗಿ ನಮ್ಮಪ್ಪನ್ನ ಆ ಹಾಳು ಮಾತ್ರೆಗಳ ಮಧ್ಯೆ ಕೂರಿಸಿದ್ರಲ್ರೀ! ಒಂಬತ್ತು ವರ್ಷ ಕಾದಿದ್ದೆ ನಾನು! ಕಸ ಅವರಲ್ಲ, ನೀವು!"

"ಈಗ್ಲೇ ಕ್ಷಮಾಪಣೆ ಮೇಲ್ ಮಾಡ್ತೀನಿ..."

"ಮುಟ್ಟಿದ್ರೆ ಜೋಕೆ ಆ ಡಬ್ಬಾನ!"

ಆ ರಾತ್ರಿ ಅವನು ಮಧುಮತಿಯ ಎಚ್ಚರಿಕೆ, ತಾನು ಕೊಟ್ಟ ಉತ್ತರ ಎಲ್ಲವನ್ನೂ ಹೆಂಡತಿಯ ಮುಂದೆ ಒಪ್ಪಿಕೊಂಡ. ಮಾರನೆಯ ದಿನ ಆಫೀಸಿಗೆ ರಜೆ ಹಾಕಿ, ಒಂಬತ್ತು ವರ್ಷದ ಹಿಂದೆಯೇ ಒಯ್ಯಬೇಕಿದ್ದ ಕುಂಕುಮದ ಭರಣಿ, ಅಕ್ಷತೆಯ ಬಟ್ಟಲು ಹಿಡಿದು ಸೇತುರಾಮ ಅರಸೀಕೆರೆಯ ಬಸ್ ಹತ್ತಿದ. ದಾರಿಯುದ್ದಕ್ಕೂ ಸಿಟ್ಟು ಕುದಿಯುತ್ತಲೇ ಇತ್ತು; ಬೈಯಲು ಮಾತ್ರ ತನ್ನನ್ನು ಬಿಟ್ಟರೆ ಇನ್ಯಾರೂ ಸಿಗಲಿಲ್ಲ. ಮಾವನ ಮನೆಯ ಬಾಗಿಲು ಮುಚ್ಚಿತ್ತು.

"ಮಾವಾ! ಮಾವಾ! ನಾನು ಸೇತುರಾಮ!"

ಕಿಟಕಿ ಒಂದು ಗೇಣು ತೆರೆಯಿತು. ಅಶ್ವತ್ಥಯ್ಯನವರ ಕನ್ನಡಕ ಕಂಡಿತು.

"ಕಿರುಚಬೇಡಿ ಅಳಿಯಂದ್ರೇ. ಕಿರುಚೋರೆಲ್ಲ ಕಳ್ಳರು ಅಂತ ನೀವೇ ಹೇಳಿದ್ರಂತೆ. ಮಗಳು ಫೋನಲ್ಲಿ ನಿಮ್ಮ ಏರ್ಪಾಡೆಲ್ಲ ವಿವರಿಸಿದ್ಲು. ಬಹಳ ಚೆನ್ನಾಗಿದೆ, ನಾನೂ ಅದನ್ನೇ ಇಟ್ಕೊಂಡಿದೀನಿ."

"ಅಂದ್ರೆ?"

"ಅಲ್ಲೇ ಜಗುಲಿ ಮೇಲೆ ಕೂತ್ಕೊಳ್ಳಿ. ಒಂದು ತಿಂಗಳು ಟೈಮಿದೆ. ಅಷ್ಟರಲ್ಲಿ ಯಾವಾಗಲಾದ್ರೂ ಒಂದ್ಸಲ ತೆಗೆದು ನೋಡ್ತೀನಿ."

ಕಿಟಕಿ ಮುಚ್ಚಿತು.