ನಾಲ್ಕು ಗಂಟೆಯೊಳಗೆ ಒಂದು ಕಷ್ಟ

ಹೆಂಡತಿಗೆ ಹೇಳಿದ ಮಾತು ಹೆಂಡತಿಯ ಹತ್ತಿರವೇ ಉಳಿಯುತ್ತದೆ ಎಂದು ನಂಬಿದ್ದೇ ಅವನು ಮಾಡಿದ ತಪ್ಪು. "ನಾಳೆ ನಾಲ್ಕು ಗಂಟೆಗೆ ಪರೀಕ್ಷಕರು ನಮ್ಮ ಬಿಲ್ಡಿಂಗಿಗೇ ಬರ್ತಾರೆ" ಎಂದು ಊಟ ಮಾಡುತ್ತಾ ಅಂದಿದ್ದ, ಅಷ್ಟೇ. ಬೆಳಗಾಗುವಷ್ಟರಲ್ಲಿ ಆ ಸುದ್ದಿ ಎಲ್ಲ ಮಹಡಿಗಳನ್ನೂ ಹತ್ತಿ ಇಳಿದಿತ್ತು.

ಅವನು ಆಸ್ಪತ್ರೆಯ ಬಿಲ್ ಕೌಂಟರಿನ ಗುಮಾಸ್ತ. ಅದೇ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತನ ಹುದ್ದೆಯೊಂದು ಖಾಲಿಯಿತ್ತು. ಸ್ವಂತ ಕೋಣೆ, ಅದಕ್ಕೊಂದು ಕಿಟಕಿ, ಎಲ್ಲಕ್ಕಿಂತ ಮುಖ್ಯವಾಗಿ ಗಾಜಿನ ಆಚೆ ನಿಂತು ಬೈಯುವವರಿಲ್ಲ. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿಕೊಂಡು ಬಂದರೆ ಕೊಡುತ್ತೇನೆ, ಒಂದು ವರ್ಷ ಮಾತ್ರ ಕಾಯುತ್ತೇನೆ ಎಂದು ಮ್ಯಾನೇಜರು ಹೇಳಿದ್ದರು; ಆ ಗಡುವು ಈ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅದಕ್ಕೇ ಎರಡು ವರ್ಷದ ಓದನ್ನು ಒಂದೇ ವರ್ಷದಲ್ಲಿ ಮುಗಿಸುವ ತ್ವರಿತ ಕೋರ್ಸಿಗೆ ಬಿದ್ದಿದ್ದ. ಬಿಲ್ಡಿಂಗಿನವರು ಅವನಿಗೆ 'ಎಕ್ಸ್‌ಪ್ರೆಸ್' ಎಂದು ಹೆಸರಿಟ್ಟಿದ್ದರು. ಸ್ನಾನದ ಮನೆಯಲ್ಲಿ ಕುಟುಂಬ ಕಲಹ, ಕ್ಷೌರದ ಕುರ್ಚಿಯಲ್ಲಿ ಬಡತನ ನಿರ್ಮೂಲನೆ, ಹೀಗೆ ಓದಿಕೊಂಡು ಬಂದ ಮನುಷ್ಯ. ಕೆಲವು ಪಾಠಗಳು ಅವನು ತೂಕಡಿಸುವಾಗಲೇ ದಾಟಿಹೋಗಿದ್ದವು.

ಉಳಿದಿದ್ದು ಒಂದೇ ಗಂಡಾಂತರ. ನಿಜವಾಗಿಯೂ ಕಷ್ಟದಲ್ಲಿರುವ ಒಬ್ಬರ ಜೊತೆ ಪರೀಕ್ಷಕರ ಕಣ್ಣೆದುರಿಗೆ ಕೂತು ಮಾತಾಡಬೇಕು. ಪರೀಕ್ಷಕರು ಯಾರೆಂದು ಮೊದಲೇ ಹೇಳುವುದಿಲ್ಲ, ಹೇಳಿದರೆ ವಿದ್ಯಾರ್ಥಿಗಳು ಬೆಣ್ಣೆ ಹಚ್ಚುತ್ತಾರಂತೆ.

ಕಷ್ಟಕ್ಕೇನು ಬರ ಎಂದುಕೊಂಡಿದ್ದ ಎಕ್ಸ್‌ಪ್ರೆಸ್. ಮೇಲಿನ ಮನೆಯ ದರ್ಜಿ ಮತ್ತವನ ಹೆಂಡತಿ ದಿನಾ ಮಧ್ಯಾಹ್ನ ತಪ್ಪದೆ ಜಗಳವಾಡುತ್ತಿದ್ದರು. ಅವರನ್ನೇ ಒಪ್ಪಿಸಿಟ್ಟಿದ್ದ. ಮೂರು ಗಂಟೆಗೆ ಹೋಗಿ ನೋಡಿದರೆ ಗಂಡಹೆಂಡತಿ ಒಂದೇ ಸೋಫಾದಲ್ಲಿ ಕೈಗೆ ಕೈ ಸೇರಿಸಿ, ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೂತಿದ್ದಾರೆ!

"ಏನ್ರೀ ಇದು? ಜಗಳ ಎಲ್ಲಿ?"

"ಜಗಳಾನಾ? ನಾವಾ?" ದರ್ಜಿ ನಕ್ಕ. "ಮದುವೆ ಆದಾಗಿನಿಂದ ನಮ್ಮಲ್ಲಿ ಒಂದು ಮಾತು ಬಂದಿಲ್ಲ."

"ನಿನ್ನೆ ಇವರು ನಿಮ್ಮ ಮೇಲೆ ಇಸ್ತ್ರಿ ಪೆಟ್ಟಿಗೆ ಎಸೆದ್ರಲ್ಲ!"

"ಎಸೀಲಿಲ್ಲ, ಕೊಟ್ಟೆ," ಎಂದಳು ಹೆಂಡತಿ. "ಸ್ವಲ್ಪ ದೂರದಿಂದ ಕೊಟ್ಟೆ."

ಕೆಳಗೆ ಓಡಿದ. ಕುಡಿಯುವುದರಲ್ಲಿ ಹೆಸರು ಮಾಡಿದ್ದ ಲಾರಿ ಡ್ರೈವರು ಸ್ನಾನ ಮಾಡಿ, ತಲೆ ಬಾಚಿ, ಹಾಲು ಕುಡಿಯುತ್ತಾ ಪೇಪರ್ ಓದುತ್ತಿದ್ದ. ಪೇಪರ್ ತಲೆಕೆಳಗಾಗಿತ್ತು. ಎದುರು ಮನೆಯಲ್ಲಿ ಅತ್ತೆ ಸೊಸೆಯ ತಲೆ ಬಾಚುತ್ತಿದ್ದಳು. ಬಾಚಣಿಗೆ ಮಾತ್ರ ಸ್ವಲ್ಪ ಜೋರಾಗಿಯೇ ಓಡುತ್ತಿತ್ತು. ಸೊಸೆ ಕಣ್ಣಲ್ಲಿ ನೀರು ತುಂಬಿಕೊಂಡು, "ತುಂಬಾ ಸುಖವಾಗಿದೀನಿ ಸಾರ್," ಎಂದಳು.

ಇದರ ಮೂಲ ಮುಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿತ್ತು. ಬಿಲ್ಡಿಂಗಿನ ಸಂಘದ ಕಾರ್ಯದರ್ಶಿ, ನಿವೃತ್ತ ಹೆಡ್‌ಮಾಸ್ಟರು.

"ಹೊರಗಿನ ದೊಡ್ಡ ಮನುಷ್ಯರು ಬರ್ತಿದಾರೆ, ಬಿಲ್ಡಿಂಗಿನ ಮರ್ಯಾದೆ ಪ್ರಶ್ನೆ," ಎಂದರು. "ಸಂಜೆವರೆಗೆ ಯಾರಿಗೂ ಯಾವ ಕಷ್ಟಾನೂ ಇರಕೂಡದು ಅಂತ ಮನೆಮನೆಗೆ ಹೋಗಿ ಹೇಳಿದೀನಿ."

"ಅಯ್ಯೋ, ನನಗೆ ಕಷ್ಟ ಬೇಕು ಸಾರ್! ಒಂದೇ ಒಂದು!"

"ನಿಮ್ಮ ಡಿಗ್ರಿಗೋಸ್ಕರ ನಮ್ಮ ಮಾನ ಹರಾಜು ಹಾಕೋಕಾಗುತ್ತೇನ್ರೀ? ಹೋಗಿ, ಅಂಗಿ ಬದಲಾಯಿಸ್ಕೊಳ್ಳಿ. ಕಾರು ಬಂದ ಕೂಡಲೇ ಕರೀತೀನಿ."

ಮನೆಗೆ ಬಂದು ಹೆಂಡತಿಯ ಮುಂದೆ ಕೈಮುಗಿದ. "ನೀನಾದ್ರೂ ಸ್ವಲ್ಪ ಅಳ್ತೀಯಾ?"

"ಮನೆಯವರನ್ನ ತಗೋಬಾರದು ಅಂತ ನೀವೇ ಹೇಳಿದ್ರಲ್ಲ? ಇಲ್ಲಾಂದ್ರೆ ನಿಮ್ಮ ಇಡೀ ಕ್ಲಾಸು ಪಾಸಾಗುವಷ್ಟು ಕಷ್ಟ ನನ್ನ ಹತ್ರ ಇದೆ."

ಒಂದು ವರ್ಷ ನಿದ್ದೆಗೆಟ್ಟಿದ್ದು, ಆ ಕಿಟಕಿ, ಆ ಕೋಣೆ, ಎಲ್ಲವೂ ಇವರ ಮರ್ಯಾದೆಯಲ್ಲಿ ಕೊಚ್ಚಿಹೋಗುತ್ತಿತ್ತು. ಬೀದಿಯಲ್ಲಾದರೂ ಯಾರಾದರೂ ಸಿಕ್ಕಾರು ಎಂದು ಹಿಂದಿನ ಮೆಟ್ಟಿಲಿನಿಂದ ಇಳಿಯತೊಡಗಿದ. ಒಂದು ತಿರುವಿನಲ್ಲಿ ಬಿಕ್ಕುವ ಸದ್ದು ಕೇಳಿಸಿತು.

ಮೆಟ್ಟಿಲ ಮೇಲೆ ಹೆಂಗಸೊಬ್ಬಳು ಕೂತಿದ್ದಳು. ತೊಡೆಯ ಮೇಲೆ ದೊಡ್ಡ ಚೀಲ, ಒಂದು ಕಾಲಿನ ಶೂ ಬಿಚ್ಚಿ ಹಿಮ್ಮಡಿ ನೀವಿಕೊಳ್ಳುತ್ತಾ ಅಳುತ್ತಿದ್ದಳು. ಮನೆಮನೆಗೆ ಸಾಮಾನು ಮಾರುವವಳಿರಬೇಕು. ಅಳುವವರನ್ನು ಕಂಡು ಅಷ್ಟು ಖುಷಿಪಟ್ಟ ಸಮಾಜ ಕಾರ್ಯಕರ್ತ ಇನ್ನೊಬ್ಬನಿರಲಿಕ್ಕಿಲ್ಲ.

"ಅಳಿ, ಅಳಿ, ಚೆನ್ನಾಗಿ ಅಳಿ," ಎಂದು ಪಕ್ಕದಲ್ಲೇ ಕೂತ. "ನಾನು ಸಮಾಜ ಕಾರ್ಯಕರ್ತ. ಏನಾಯ್ತು ಹೇಳಿ."

ಅವಳು ಮೂಗೊರೆಸಿಕೊಂಡು ಅವನನ್ನೇ ನೋಡಿದಳು. "ಏನು ಹೇಳ್ಲಿ? ಚೀಲ ನೋಡಿ ಮುಂಬಾಗಿಲಲ್ಲಿ ಒಬ್ಬ ಮುದುಕ ಓಡಿಸಿದ, ಬಾಯಿ ತೆಗೆಯೋಕೂ ಬಿಡಲಿಲ್ಲ. ದಿನಾ ಇದೇ ಪಾಡು. ಹತ್ತೋದು, ಇಳಿಯೋದು. ಹೋದಲ್ಲೆಲ್ಲ ಹಲ್ಲು ಗಿಂಜ್ತಾರೆ, ಒಬ್ಬರೂ ನಿಜ ಹೇಳಲ್ಲ. ಇಬ್ಬರ ಕೆಲಸ ನನ್ನೊಬ್ಬಳ ಮೇಲೆ ಹೇರಿ ಬೇಗ ಬೇಗ ಅಂತಾರೆ. ಮಗಳ ಜೊತೆ ಕೂತು ಮಾತಾಡಿ ಯಾವ ಕಾಲ ಆಯ್ತೋ."

ಇಂಥ ಹೊತ್ತಿನಲ್ಲಿ ಸಲಹೆ ಕೊಡಬಾರದು, ಅವರ ದಾರಿಯನ್ನು ಅವರೇ ಕಂಡುಕೊಳ್ಳುವವರೆಗೆ ಕೇಳುತ್ತಾ ಕೂರಬೇಕು ಎಂಬುದು ಆ ಕಸುಬಿನ ಮೊದಲ ಪಾಠ. ಎಕ್ಸ್‌ಪ್ರೆಸ್ ಆ ಪಾಠವನ್ನು ಬಸ್ಸಿನಲ್ಲಿ ಓದಲು ತೆಗೆದಿದ್ದ, ಅಷ್ಟರಲ್ಲಿ ಅವನ ಸ್ಟಾಪು ಬಂದುಬಿಟ್ಟಿತ್ತು.

"ಬಿಟ್ಟಾಕಿ ಆ ಕೆಲಸಾನ!" ಎಂದ.

"ಬಿಟ್ಟು?"

"ಬೇರೆ ಏನೂ ದಾರಿ ಇಲ್ವಾ?"

"ತಂಗಿ ಗಿಡಗಳ ನರ್ಸರಿ ಇಟ್ಟಿದಾಳೆ. ಜೊತೆಗೆ ಬಾ ಅಂತ ಕರೀತಾನೇ ಇದಾಳೆ. ಆದ್ರೆ ಇವತ್ತು ಇಲ್ಲೇ ಇನ್ನೊಂದು ಮನೆ ಇದೆ, ಪಾಪ ಕಾಯ್ತಿರ್ತಾರೆ."

"ಕಾಯ್ಲಿ ಬಿಡ್ರೀ! ಅವನೇನು ನಿಮಗೆ ಅನ್ನ ಹಾಕ್ತಾನಾ? ನಿಮ್ಮ ಜೀವ ತೇಯ್ದು ಅವನನ್ನ ಉದ್ಧಾರ ಮಾಡ್ಬೇಕಾ? ಅಂಥವರಿಗೆ ಒಂದ್ಸಲ ಬುದ್ಧಿ ಬರ್ಬೇಕು!"

ಅವಳ ಮುಖ ನಿಧಾನಕ್ಕೆ ಅರಳಿತು. ಅದನ್ನು ಕಂಡು ಎಕ್ಸ್‌ಪ್ರೆಸ್ ಗಾಬರಿಯಿಂದ ಗಡಿಯಾರ ನೋಡಿಕೊಂಡ. ನಾಲ್ಕಾಗಲು ಇನ್ನೂ ಹೊತ್ತಿತ್ತು.

"ಒಂದ್ನಿಮಿಷ! ಅಷ್ಟು ಬೇಗ ಸಮಾಧಾನ ಮಾಡ್ಕೋಬೇಡಿ. ನಮ್ಮ ಹಿರಿಯರೊಬ್ಬರು ಬರ್ತಾರೆ, ಅವರೆದುರಿಗೆ ಇನ್ನೊಂದ್ಸಲ ಅತ್ತುಬಿಡಿ."

"ಯಾವ ಹಿರಿಯರೂ ಬೇಡ, ನೀವೇ ಸಾಕು. ಎಷ್ಟೋ ಜನರನ್ನ ನೋಡಿದೀನಿ, ಇಷ್ಟು ನೇರವಾಗಿ ಯಾರೂ ಮಾತಾಡಿರಲಿಲ್ಲ." ಅಲ್ಲೇ ಫೋನ್ ತೆಗೆದು, "ಇನ್ನು ನಾನು ಬರಲ್ಲ. ನಾಳೆಯಿಂದ ಅಲ್ಲ, ಈಗಿಂದಲೇ," ಎಂದು ಯಾರಿಗೋ ಹೇಳಿ, ಶೂ ಹಾಕಿಕೊಂಡು ಚಿಕ್ಕ ಹುಡುಗಿಯ ಹಾಗೆ ಮೆಟ್ಟಿಲು ಹಾರುತ್ತಾ ಇಳಿದುಹೋದಳು.

ಇದ್ದ ಒಂದು ಕಷ್ಟವೂ ಕೈಬಿಟ್ಟಿತ್ತು. ಆದರೂ ಎಕ್ಸ್‌ಪ್ರೆಸ್ ಅವಳು ಹೋದ ದಾರಿಯನ್ನೇ ನೋಡುತ್ತಾ ನಕ್ಕ. ಇಡೀ ವರ್ಷದಲ್ಲಿ ಅವನಿಂದ ಒಬ್ಬರಿಗೆ ನಿಜವಾಗಿ ಒಳ್ಳೆಯದಾಗಿದ್ದು ಅದೇ ಮೊದಲು. ಪರೀಕ್ಷಕರ ಕಾಲು ಹಿಡಿದಾದರೂ ಇದನ್ನೆಲ್ಲ ಹೇಳಿ ಒಪ್ಪಿಸಬೇಕೆಂದು ಅಂಗಿ ಬದಲಾಯಿಸಿ ಕಾದು ಕೂತ.

ನಾಲ್ಕಾಯಿತು, ಐದಾಯಿತು. ಕಾರ್ಯದರ್ಶಿ ಆಕಳಿಸುತ್ತಾ ಕುರ್ಚಿ ಮಡಿಸಿದರು. ಡ್ರೈವರು ಹಾಲಿನ ಲೋಟ ಕೆಳಗಿಟ್ಟು ಆತುರಾತುರವಾಗಿ ಎಲ್ಲಿಗೋ ಹೊರಟ. ಮೇಲಿನ ಮನೆಯಲ್ಲಿ ಮೊದಲ ಪಾತ್ರೆ ಬಿತ್ತು. ಎಕ್ಸ್‌ಪ್ರೆಸ್ ತಡೆಯಲಾರದೆ ತನ್ನ ಕೋರ್ಸಿನ ಕಚೇರಿಗೆ ಫೋನ್ ಹಚ್ಚಿದ.

"ಅಯ್ಯೋ, ಇಲ್ಲಿ ದೊಡ್ಡ ಗಲಾಟೆ ಆಗಿಹೋಗಿದೆ," ಎಂದ ಕಚೇರಿಯ ಗುಮಾಸ್ತ. "ನಿಮ್ಮಲ್ಲಿಗೆ ಬಂದಿದ್ದ ಪರೀಕ್ಷಕಿ ಮೇಡಂ ನಿಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲಿಂದಲೇ ಫೋನ್ ಮಾಡಿ ಕೆಲಸ ಬಿಟ್ಟುಬಿಟ್ರು! ತ್ವರಿತ ಕೋರ್ಸಿಗೆ ಇದ್ದಿದ್ದೇ ಅವರೊಬ್ಬರು. ನಿಮ್ಮ ಪರೀಕ್ಷೆ ಇನ್ನು ಮುಂದಿನ ವರ್ಷವೇ."

ಎಕ್ಸ್‌ಪ್ರೆಸ್ ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತ.

"ಹಲೋ, ಇದೀರಾ? ಅಲ್ಲಿ ಯಾರೋ ಒಬ್ಬ ಸಮಾಜ ಕಾರ್ಯಕರ್ತ ಸಿಕ್ಕಿ ಅವರ ಬದುಕನ್ನೇ ಬದಲಾಯಿಸಿಬಿಟ್ಟನಂತೆ. ಅಂಥವನನ್ನ ಜನ್ಮದಲ್ಲಿ ನೋಡಿಲ್ಲ ಅಂತ ಹೊಗಳಿದ್ದೇ ಹೊಗಳಿದ್ದು. ಖಾಲಿಯಾದ ಜಾಗಕ್ಕೆ ಅವನನ್ನೇ ತಗೋಬೇಕು ಅಂತ ಮುಖ್ಯಸ್ಥರು ಹುಡುಕಿಸ್ತಿದಾರೆ. ನಿಮಗೇನಾದ್ರೂ ಗೊತ್ತಾ?"

ಎಕ್ಸ್‌ಪ್ರೆಸ್ ಚಂಗನೆ ಎದ್ದು ನಿಂತ. "ನಾನೇ! ಅದು ನಾನೇ ಸಾರ್!"

"ನೀವಾ? ಹಾಗಾದ್ರೆ ಡಿಗ್ರಿ ತಗೊಂಡು ಈಗಲೇ ಬನ್ನಿ... ಓ, ನಿಮ್ಮದು ಇನ್ನೂ ಆಗಿಲ್ಲ ಅಲ್ವಾ?" ಗುಮಾಸ್ತ ಲೊಚಗುಟ್ಟಿದ. "ಛೆ! ಅವರು ಇನ್ನೊಂದರ್ಧ ಗಂಟೆ ಕೆಲಸದಲ್ಲಿ ಇದ್ದಿದ್ರೆ ನಿಮ್ಮನ್ನ ಪಾಸು ಮಾಡೇ ಹೋಗ್ತಿದ್ರು."