ಮಾಳಿಗೆಯ ಮೇಲೆ ಒಂದೇ ಕಡ್ಡಿ

ಬ್ಯಾಡಗಿಯ ಹೈಸ್ಕೂಲು ಗುಮಾಸ್ತ ಗಂಗಾಧರರಾಯರು ಯಾರಿಗೆ ಫೋನ್ ನಂಬರು ಬರೆದುಕೊಟ್ಟರೂ ಮುಂದೆ ‘ಪಿ.ಪಿ.’ ಎಂದು ಸೇರಿಸುತ್ತಿದ್ದರು. ಫೋನು ಪಕ್ಕದ ಮನೆಯದು, ಕೂಗಿದರೆ ನಾವು ಬಂದು ಮಾತಾಡುತ್ತೇವೆ ಎಂದು ಅದರ ಅರ್ಥ. ಆಗೆಲ್ಲ ಅರ್ಧ ಊರು ಹೀಗೆಯೇ ಬದುಕುತ್ತಿತ್ತು, ಅದರಲ್ಲಿ ನಾಚಿಕೆಯೇನೂ ಇರಲಿಲ್ಲ. ಆದರೆ ರಾಯರ ಪಕ್ಕದ ಮನೆಯಲ್ಲಿ ಇದ್ದವರು ಜಾನಕೀಬಾಯಿ.

ರಾಯರು ಮೌಶಿ, ಅಂದರೆ ಚಿಕ್ಕಮ್ಮ ಎಂದು ಕರೆಯುತ್ತಿದ್ದ ಜಾನಕೀಬಾಯಿ ಕೆಟ್ಟವರಲ್ಲ. ರಾಯರ ಹೆಂಡತಿ ತೀರಿಕೊಂಡ ಮೇಲೆ ಮಗಳು ನಲಿನಿಗೆ ಎಣ್ಣೆ ಹಚ್ಚಿ ಎರೆದು ದೊಡ್ಡವಳನ್ನಾಗಿ ಮಾಡಿದವರೇ ಅವರು. ಆದರೆ ರಾಯರಿಗೆ ಫೋನು ಬಂದರೆ, ಕರೆಯುವ ಮೊದಲು ತಾವೂ ಒಂದಿಷ್ಟು ಮಾತಾಡದಿದ್ದರೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ನಲಿನಿಗೆ ಬಂದ ಮೊದಲ ಸಂಬಂಧದವರಿಗೆ, ‘ಹುಡುಗಿ ಬಂಗಾರದಂಥಾಕಿ. ಸಣ್ಣಾಕಿದ್ದಾಗ ಮೂರ್ಛಿ ಬರ್ತಿತ್ತು, ಈಗ ಏನೂ ಇಲ್ಲ’ ಎಂದು ಹೇಳಿದರು. ಎರಡನೆಯವರಿಗೆ ರಾಯರು ಮಗಳ ವಯಸ್ಸು ಇಪ್ಪತ್ತಾರು ಅಂದಿದ್ದರು. ಅದು ಗೊತ್ತಿಲ್ಲದ ಜಾನಕೀಬಾಯಿ, ‘ಬರೋ ಶ್ರಾವಣಕ್ಕ ಮೂವತ್ತು ತುಂಬ್ತಾವು, ಅಕಿ ಹುಟ್ಟಿದಾಗ ಬಾಣಂತನ ಮಾಡಿದಾಕಿ ನಾನ’ ಎಂದುಬಿಟ್ಟರು. ಎರಡೂ ಮನೆಯವರು ಮತ್ತೆ ಫೋನು ಮಾಡಲಿಲ್ಲ.

ಈಗ ಮೂರನೆಯದು ಮೇಡ್ಲೇರಿಯ ಶೇಷಗಿರಿರಾಯರ ಮನೆತನ. ಹುಡುಗ ಪ್ರಭಾಕರನಿಗೆ ರಾಣೇಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ. ಬಂದವರು ನಲಿನಿ ಮಾಡಿದ ಅವಲಕ್ಕಿಯನ್ನು ಎರಡನೇ ಸಲ ಹಾಕಿಸಿಕೊಂಡು ತಿಂದು, ‘ಶುಕ್ರವಾರ ಸಂಜೀ ಒಳಗ ಫೋನ್ ಮಾಡಿ ಹೇಳ್ತೇವ್ರಿ’ ಎಂದು ಹೋಗಿದ್ದರು. ಆ ವಾರವೆಲ್ಲ ನಲಿನಿ ಪಾತ್ರೆ ತಿಕ್ಕುವಾಗ ಹಾಡು ಗುನುಗುತ್ತಿದ್ದಳು, ಅದನ್ನು ಕೇಳಿದಾಗಲೆಲ್ಲ ರಾಯರು ಶುಕ್ರವಾರಕ್ಕೆ ಎಷ್ಟು ದಿನ ಉಳಿಯಿತೆಂದು ಎಣಿಸುತ್ತಿದ್ದರು. ಇದೂ ತಪ್ಪಿದರೆ ನಾಲ್ಕನೆಯದು ಬರುತ್ತದೆಂಬ ಧೈರ್ಯ ಅವರಿಗಿರಲಿಲ್ಲ.

ಸ್ವಂತ ಫೋನಿಗೆ ಅರ್ಜಿ ಹಾಕಿ ಎಷ್ಟೋ ವರ್ಷಗಳಾಗಿದ್ದವು, ಪಾಳಿ ಬಂದಿರಲಿಲ್ಲ. ಅದು ತೊಂಬತ್ತೊಂಬತ್ತನೇ ಇಸವಿ. ಹಾವೇರಿಯಲ್ಲಿ ಹೊಸದಾಗಿ ಮೊಬೈಲಿನ ಟವರು ಎದ್ದಿತ್ತು. ಶುಕ್ರವಾರ ಬೆಳಗ್ಗೆ ರಾಯರು ರಜೆ ಹಾಕಿ, ಮದುವೆಗೆಂದು ಟ್ರಂಕಿನಲ್ಲಿ ಎತ್ತಿಟ್ಟಿದ್ದ ದುಡ್ಡಿನಲ್ಲಿ ಒಂದು ಪಾಲು ತೆಗೆದುಕೊಂಡು, ಓಣಿಯ ಟೇಲರ್ ಚಾಂದಸಾಬನ ಸ್ಕೂಟರಿನ ಹಿಂದೆ ಕುಳಿತು ಹಾವೇರಿಗೆ ಹೊರಟರು.

ಅಂಗಡಿಯ ಶಿವಾನಂದ ಗಾಜಿನ ಕಪಾಟಿನಿಂದ ಫೋನುಗಳನ್ನು ತೆಗೆದಿಟ್ಟ. ರಾಯರು ಕೈ ಚಾಚುವ ಮೊದಲೇ ಚಾಂದಸಾಬ ಅವನ್ನೆಲ್ಲ ಎತ್ತಿ ತೂಗಿ ನೋಡತೊಡಗಿದ.

“ಇದ ತಗೋರಿ ರಾಯರ. ತೂಕ ಐತಿ. ನಾಳೆ ನಾಯಿ ಬೆನ್ನು ಹತ್ತಿದ್ರ ಒಗೀಲಿಕ್ಕೂ ಬರ್ತೈತಿ.”

ನೆತ್ತಿಯ ಮೇಲೆ ತೊಂಡೆಕಾಯಿಯಂಥ ಕೊಂಬಿದ್ದ ಆ ಕರಿಯ ಇಟ್ಟಿಗೆಯನ್ನೇ ರಾಯರು ಆರಿಸಿದರು. ಆಮೇಲೆ ಪ್ಲ್ಯಾನು ಆರಿಸುವ ಸರದಿ. ಶಿವಾನಂದ ಬಂಗಾರದ ಪ್ಲ್ಯಾನು, ಬೆಳ್ಳಿಯ ಪ್ಲ್ಯಾನು ಎಂದು ಅಕ್ಕಸಾಲಿಗನ ಹಾಗೆ ಶುರುಮಾಡಿದ. ರಾಯರು ತಡೆದರು.

“ನನಗ ಯಾರಿಗೂ ಮಾಡೂದಿಲ್ಲಪಾ. ಬರೂ ಫೋನಷ್ಟ ಬಂದ್ರ ಸಾಕು.”

“ಬರೂದಕ್ಕೂ ರೊಕ್ಕ ಐತ್ರಿ.”

“ಅವರು ಮಾತಾಡಿದ್ರ ನಾನ್ಯಾಕ ಕೊಡ್ಲಿ?”

“ಬೀಗರು ನಿಮ್ಮ ಮನೀಗೆ ಬಂದ್ರ ಊಟದ ಖರ್ಚು ಯಾರದ್ರಿ? ನಿಮ್ಮದ ಹೌದಿಲ್ಲೊ? ಹಂಗ ಇದು.”

ಬೀಗರು ಎಂಬ ಮಾತು ಬಂದದ್ದೇ ರಾಯರು ಮೆತ್ತಗಾದರು. ಬೆಳ್ಳಿಯ ಪ್ಲ್ಯಾನಿಗೆ ರುಜು ಹಾಕಿದರು. ಶಿವಾನಂದ ಹಸಿರು ಗುಂಡಿ ತೋರಿಸಿ, “ಬಾರಿಸಿದ್ರ ಇದನ್ನ ಒತ್ರಿ” ಅಂದ. ಕೆಂಪು ಗುಂಡಿ ಒತ್ತಿದರೆ ಮಾತು ಕಡಿದುಹೋಗುತ್ತದೆ ಎಂದು ತಿಳಿದ ರಾಯರು, ಆ ಕೆಂಪು ಗುಂಡಿಯನ್ನು ಜನ್ಮದಲ್ಲಿ ಮುಟ್ಟಬಾರದೆಂದು ಅಲ್ಲಿಯೇ ನಿಶ್ಚಯಿಸಿಕೊಂಡರು.

ಕೈಯಲ್ಲಿ ಮೊಬೈಲು ಹಿಡಿದೇ, ಅದರಿಂದ ಮಾಡಿದರೆ ತುಟ್ಟಿ ಎಂದು, ಎದುರಿನ ಎಸ್.ಟಿ.ಡಿ. ಬೂತಿನಿಂದ ಮೇಡ್ಲೇರಿಗೆ ಫೋನು ಹಚ್ಚಿದರು. ಶೇಷಗಿರಿರಾಯರೇ ಸಿಕ್ಕರು.

“ನಂದ ಸ್ವಂತ ಮೊಬೈಲ್ ಬಂತ್ರಿ. ನಂಬರ್ ಬರಕೋರಿ. ಆ ಹಳೇ ನಂಬರಿಗೆ ಏನೂ ಮಾಡಬ್ಯಾಡ್ರಿ ಮತ್ತ.”

“ಭಾಳ ಸಂತೋಷ್ರಿ. ಮನ್ಯಾಗ ಎಲ್ಲಾರದೂ ಒಂದ ಮನಸ್ಸದ. ಸಂಜೀಕ ಮಾಡ್ತೇವಿ.”

ಎಲ್ಲರದೂ ಒಂದೇ ಮನಸ್ಸು! ರಾಯರು ಚಾಂದಸಾಬನಿಗೆ ಚಹಾ ಕುಡಿಸಿದರು, ಮಿರ್ಚಿಯನ್ನೂ ತಿನ್ನಿಸಿದರು. ಜನ್ಮದಲ್ಲಿ ಒಮ್ಮೆ ಮಾಡಿದ ಜಾಣತನ ಹೀಗೆ ಫಲಿಸಿತಲ್ಲ ಎಂದು ಅವರಿಗೆ ಕಣ್ಣು ತುಂಬಿ ಬಂದವು.

ಹಾವೇರಿಯಲ್ಲಿ ಮೊಬೈಲಿನ ಮೂಲೆಯಲ್ಲಿ ಸಿಗ್ನಲ್ಲಿನ ನಾಲ್ಕು ಕಡ್ಡಿಗಳಿದ್ದವು. ಕಡ್ಡಿ ಇದ್ದರೆ ಮಾತ್ರ ಫೋನು ಬರುತ್ತದೆ ಎಂದು ಶಿವಾನಂದ ಹೇಳಿದ್ದ. ಮೋಟೆಬೆನ್ನೂರು ದಾಟುವಾಗ ರಾಯರು ನೋಡಿದರು, ಎರಡಾಗಿದ್ದವು. ಬ್ಯಾಡಗಿಯ ತಮ್ಮ ಮನೆಯ ಮುಂದೆ ಇಳಿದಾಗ ಒಂದೂ ಇರಲಿಲ್ಲ.

ರಾಯರು ಅಡುಗೆಮನೆಗೆ ಹೋದರು, ಹಿತ್ತಿಲಿಗೆ ಹೋದರು, ದೇವರ ಮುಂದೆ ಹಿಡಿದರು. ಕಡ್ಡಿ ಬರಲಿಲ್ಲ. ಓಣಿಗೆ ಬಂದು ಮೊಬೈಲನ್ನು ಆಕಾಶಕ್ಕೆತ್ತಿ ತಿರುಗತೊಡಗಿದಾಗ ಮಂದಿ ಕೂಡಿತು. ತರಕಾರಿ ಮಾರುವ ಮಂಗಳವ್ವ ಬುಟ್ಟಿ ಇಳಿಸಿ, “ಪೂರ್ವಕ್ಕ ಮಾರೀ ಮಾಡ್ರಿ ಯಪ್ಪಾ, ಎಲ್ಲಾ ಚಲೋದು ಆ ಕಡಿಂದನ ಬರ್ತೈತಿ” ಅಂದಳು. ಪೂರ್ವಕ್ಕೆ ತಿರುಗಿದರು. ಚಾಂದಸಾಬ ಗೋಡೆ ಹತ್ತಿಸಿದ. ಗೋಡೆಯಿಂದ ರಾಯರು ಆಚೆ ಮನೆಯ ಸೋಮವ್ವನ ಎಮ್ಮೆಯ ಮೇವಿನ ಬಣವೆಗೆ ಜಾರಿ ಬಿದ್ದರು. ಎಮ್ಮೆ ಅವರನ್ನು ಒಮ್ಮೆ ನೋಡಿ ಮತ್ತೆ ಮೇಯತೊಡಗಿತು. ಮೈಗೆಲ್ಲ ಹತ್ತಿದ ಹುಲ್ಲನ್ನು ಝಾಡಿಸಿಕೊಳ್ಳದೆ ಅವರು ಮತ್ತೆ ಕೈ ಎತ್ತಿದರು.

“ಅಪ್ಪಾ, ಒಳಗ ಬಾ, ಊಟಾ ಮಾಡು,” ಎಂದಳು ನಲಿನಿ. ಅವಳ ಮುಖ ನೋಡುವುದು ಅವರಿಗೆ ಆಗಲಿಲ್ಲ.

ಕಡೆಗೆ ಕಡ್ಡಿ ಸಿಕ್ಕಿತು. ಇಡೀ ಓಣಿಯಲ್ಲಿ ಅದು ಸಿಕ್ಕಿದ್ದು ಒಂದೇ ಕಡೆ, ಜಾನಕೀಬಾಯಿಯ ಮಾಳಿಗೆಯ ಮೇಲೆ, ನೀರಿನ ಟಾಕಿಯ ಪಕ್ಕ, ಒಣಹಾಕಿದ್ದ ಮೆಣಸಿನಕಾಯಿಯ ನಡುವೆ.

“ಬಾರೋ ಗಂಗಾಧರಾ, ನಿಂದ ಮಾಳಿಗಿ ಅಂತ ತಿಳಿ. ಏನು, ಹೊತಗೊಂಡು ಹೋಗ್ತೀಯೇನು?” ಎಂದರು ಜಾನಕೀಬಾಯಿ. ಯಾರಿಂದ ತಪ್ಪಿಸಿಕೊಳ್ಳಲೆಂದು ಇಷ್ಟೆಲ್ಲ ಮಾಡಿದರೋ ಅವರ ಕೈಯಿಂದಲೇ ಮಜ್ಜಿಗೆ ಇಸಿದುಕೊಂಡು ಕುಡಿದು, ರಾಯರು ಮೇಲೆ ಹತ್ತಿದರು.

ಕೈ ಇಳಿಸಿದರೆ ಕಡ್ಡಿ ಹೋಗುತ್ತಿತ್ತು. ಹಾಗಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ಕೈ ಮೇಲೆತ್ತಿಕೊಂಡು ನಿಂತರು. ಒಂದು ಕೈ ಸೋತರೆ ಇನ್ನೊಂದು ಕೈ. ಮೆಣಸಿನಕಾಯಿಯ ಘಾಟಿಗೆ ಸೀನು ಬಂದಾಗಲೆಲ್ಲ ಕಡ್ಡಿ ಮಾಯವಾಗಿ ಮತ್ತೆ ಬರುತ್ತಿತ್ತು. ಸಂಜೆಯ ಹೊತ್ತಿಗೆ ಬಾಯಾರಿ, ‘ಬಾರಿಸೋ ಮಾರಾಯಾ, ಬಾರಿಸೋ’ ಎಂದು ಅದರ ಜೊತೆ ತಾವೇ ಮಾತಾಡತೊಡಗಿದರು.

ಹೊತ್ತು ಮುಳುಗುವ ಮೊದಲು ಕೆಳಗೆ ಜಾನಕೀಬಾಯಿಯ ಫೋನು ಬಾರಿಸಿತು. ಹುಬ್ಬಳ್ಳಿಯ ತಂಗಿ ದಿನಾ ಆ ಹೊತ್ತಿಗೇ ಮಾಡುತ್ತಿದ್ದಳು. ಬಹಳ ಹೊತ್ತು ಮಾತು ನಡೆಯಿತು. ‘ಅಯ್ಯ! ಖರೇನ?’ ಎಂದದ್ದು ಮೇಲಕ್ಕೂ ಕೇಳಿಸಿತು. ಹಾಳಾಗಲಿ, ಇನ್ನು ಮೇಲೆ ಆ ಫೋನಿನ ಗೊಡವೆ ನನಗೆ ಬೇಡ ಎಂದುಕೊಂಡು ರಾಯರು ಕೈ ಬದಲಿಸಿದರು.

ಆಗ ಮೊಬೈಲು ಬಾರಿಸಿತು.

ಕೆಳಗೆ ಅಂಗಳದಲ್ಲಿ ನಲಿನಿ ತಲೆ ಎತ್ತಿ ನಿಂತಳು. ಓಣಿಯೆಲ್ಲ ಮೇಲೆ ನೋಡಿತು. ರಾಯರು ಹಸಿರು ಗುಂಡಿ ಒತ್ತಿ, “ನಮಸ್ಕಾರ ಬೀಗರ!” ಎಂದರು.

“ನಾನೋ ಗಂಗಾಧರಾ, ಜಾನಕೀ ಮೌಶಿ. ಮಣಕಾಲು ನೋಯ್ತಾವ, ಮಾಳಿಗಿ ಹತ್ತಲಿಕ್ಕಾಗೂದಿಲ್ಲ. ಮೇಡ್ಲೇರಿಯವರು ನನ್ನ ಫೋನಿಗೆ ಮಾಡಿದ್ರು. ನಿನ್ನ ನಂಬರ್ ಅವರ ಕಡಿಂದನ ಇಸಗೊಂಡೆ.”

“ಏನಂದ್ರು ಮೌಶಿ?”

“ಸಂಜೀತನಕ ತಡೀಲಾರದ ಮಧ್ಯಾಹ್ನದಿಂದನ ನಿನಗ ಹಚ್ಚ್ಯಾರಂತ. ಪ್ರತಿ ಸಲಾ ಯಾವಾಕೋ ಹೆಣ್ಣುಮಗಳು ಎತ್ತಿ ಇಂಗ್ಲಿಷಿನ್ಯಾಗ ಏನೇನೋ ಅಂದ್ಲಂತ. ಹೆಂಡ್ತಿ ಸತ್ತಾಂವ ಹಿಂಗ ಮನ್ಯಾಗ ಯಾರನ್ನೋ ಇಟಗೊಂಡ್ರ, ಅಂಥಲ್ಲಿಂದ ಹೆಣ್ಣು ಹೆಂಗ ತರೂದು ಅಂತ ಹುಡುಗನ ತಾಯಿ ಅಳಲಿಕ್ಕತ್ತಾಳ.”

“ಮೌಶಿ! ಅದು ಫೋನಿನೊಳಗಿನ ಕಂಪನಿ ಟೇಪು...”

“ನನಗ ಗೊತ್ತಿಲ್ಲೇನೋ ನೀ ಎಂಥಾಂವ ಅಂತ? ನಿನ್ನ ಮಾನಾ ಉಳಿಸೀನಿ. ಆಣಿ ಮಾಡಿ ಹೇಳೇನಿ, ‘ಅವನ ಹತ್ರ ಯಾವ ಹೆಂಗಸೂ ಇಲ್ರಿ. ಪಾಪ, ಮಧ್ಯಾಹ್ನದಿಂದ ನಮ್ಮ ಮಾಳಿಗಿ ಮ್ಯಾಲ ಬಿಸಲಾಗ ಮೈತುಂಬ ಹುಲ್ಲು ಹಚಗೊಂಡು, ಕೈ ಮ್ಯಾಲೆತ್ತಿ, ಒಬ್ಬನ ಮಾತಾಡಕೋತ ನಿಂತಾನ’ ಅಂತ. ಅಷ್ಟು ಕೇಳಿ, ಹುಚ್ಚಿನ ಮನೆತನದ ಸಂಬಂಧ ಬ್ಯಾಡ್ರಿ ಅಂತ ಇಟ್ಟಬಿಟ್ರು. ಏನು ಮಂದಿ ಅಂತೀನಿ!”

ಜಾನಕೀಬಾಯಿ ನಿಲ್ಲಿಸಲಿಲ್ಲ. ಆ ಮನೆಯವರ ಗುಣ, ಆ ಹುಡುಗನ ಗಿಡ್ಡತನ, ಮುಂದಿನ ವರ್ಷದ ಗುರುಬಲ ಎಲ್ಲವನ್ನೂ ತಾವೇ ಎತ್ತಿಕೊಂಡು ಸಮಾಧಾನ ಹೇಳತೊಡಗಿದರು. ಬೆಳ್ಳಿಯ ಪ್ಲ್ಯಾನಿನಲ್ಲಿ ಕೇಳುವವನೂ ದುಡ್ಡು ಕೊಡಬೇಕು. ಮಗಳ ಮದುವೆಯ ದುಡ್ಡು ನಿಮಿಷಕ್ಕಿಷ್ಟರಂತೆ ತಮ್ಮ ಕಿವಿಯೊಳಗೆ ಕರಗುತ್ತಿದ್ದರೂ ರಾಯರಿಗೆ ಕೆಂಪು ಗುಂಡಿ ನೆನಪಾಗಲಿಲ್ಲ.

“ಅಪ್ಪಾ, ಯಾರದು? ಮೇಡ್ಲೇರಿದೇನು?” ಎಂದು ನಲಿನಿ ಕೆಳಗಿನಿಂದ ಕೇಳಿದಳು. ಅವಳ ದನಿಯಲ್ಲಿ ಆ ವಾರದ ಹಾಡು ಇನ್ನೂ ಇತ್ತು.

“ರಾಂಗ್ ನಂಬರವ್ವಾ,” ಎಂದರು ರಾಯರು.

ತಕ್ಷಣ ಕೆಳಗಿನ ಕಿಟಕಿಯಿಂದಲೂ ಕಿವಿಗೆ ಹಿಡಿದ ಮೊಬೈಲಿನಿಂದಲೂ ಕೂಡಿಯೇ ಜಾನಕೀಬಾಯಿಯ ದನಿ ಓಣಿಗೆಲ್ಲ ಕೇಳುವಂತೆ ಬಂತು.

“ರಾಂಗ್ ಯಾಕಾದೀತೋ? ನಾನ ಮಾಡೀನಲ್ಲೋ! ನಲಿನೀ, ಬಾ ಇಲ್ಲೆ, ನಿನಗೂ ಹೇಳ್ತೀನಿ.”