ಹಲ್ಲು ಕೇಳಿದವರಿಗೆ ಸುತ್ತಿಗೆ ತೋರಿಸಿದ ಸರ್ವರ್ ಮಹಾಶಯರಿಗೆ

ಮಾನ್ಯರೇ,

ಮಹಡಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಕೆಟ್ಟು ನಿಂತ ಹೊಲಿಗೆ ಯಂತ್ರಕ್ಕೂ ನೀರಿನ ಮೋಟರಿನ ಸ್ವಿಚ್ಚಿಗೂ ನಡುವೆ ಗುಂಯ್‌ಗುಡುತ್ತ ಕುಳಿತು, ಒಂದೇ ಒಡಲಿನಲ್ಲಿ ಏಳು ವೆಬ್‌ಸೈಟುಗಳನ್ನು ಹೊತ್ತು, ಸರ್ವರಿಗೂ ಸರ್ವರ್ ಆಗಿರುವ ತಮ್ಮ ಸನ್ನಿಧಿಗೆ, ತಮ್ಮ ಧೂಳು ಒರೆಸುವವನೂ ತಮಗೆ ಬೇಕಾದ ಕಡತಗಳನ್ನು ಬರೆಯುವವನೂ ಆದ ನಾನು ಮಾಡುವ ಅನಂತ ನಮಸ್ಕಾರಗಳು. ತಮ್ಮ ಫ್ಯಾನು ಕ್ಷೇಮವಾಗಿರುವುದು ಗೋಡೆಯಾಚೆಗೂ ಕೇಳಿಸುತ್ತಿದೆ. ನಮ್ಮ ಕ್ಷೇಮದ ವಿಚಾರವನ್ನು ಅರಿಕೆ ಮಾಡಿಕೊಳ್ಳಲೆಂದೇ ಈ ಪತ್ರ.

ತಮ್ಮ ಕೆಲಸದ ರೀತಿಯನ್ನು ಅರಿಯದ ಓದುಗರಿಗಾಗಿ ಎರಡು ಮಾತು. ತಾವು ಒಂದೇ ಬಾಗಿಲಿನ ವಠಾರವಿದ್ದಂತೆ. ಏಳು ಮನೆ, ಒಂದು ಬಾಗಿಲು. ಬಂದವರು ಯಾರ ಹೆಸರು ಹೇಳುತ್ತಾರೋ ಅವರ ಪುಟವನ್ನು ತಾವು ತೆರೆದು ತೋರಿಸಬೇಕು. ಯಾವ ಯಾವ ಹೆಸರಿಗೆ ಯಾವ ಮನೆ ಎಂದು ನಾನು ಪ್ರತಿಯೊಬ್ಬರ ಕಡತದಲ್ಲೂ ಒಂದೊಂದು ಸಾಲು ಬರೆದಿಟ್ಟಿದ್ದೇನೆ. ಇಲ್ಲಿಯವರೆಗೆ ಎಲ್ಲವೂ ಸೊಗಸು. ಆದರೆ ಪಟ್ಟಿಯಲ್ಲಿಲ್ಲದ ಹೆಸರನ್ನು ಯಾರಾದರೂ ಹೇಳಿದರೆ, ಲೋಕದ ಯಾವ ಕಾವಲುಗಾರನಾದರೂ ‘ಗೊತ್ತಿಲ್ಲ ಸ್ವಾಮಿ’ ಎನ್ನುವಲ್ಲಿ, ತಾವು ಮಾತ್ರ ಅತಿಥಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಉದಾರ ಬುದ್ಧಿಯಿಂದ, ಅಕ್ಷರಮಾಲೆಯ ಪ್ರಕಾರ ಮೊದಲು ಬರುವ ಮನೆಗೆ ಅವರನ್ನು ಕೈಹಿಡಿದು ನುಗ್ಗಿಸುತ್ತೀರಿ. ಚಹಾ ಕೇಳಿದವರ ಮುಂದೆ ಪಕ್ಕದ ಮೇಜಿನ ಸೂಪು ಇಟ್ಟು, ನಗುತ್ತ ನಿಲ್ಲುವ ಹೋಟೆಲಿನ ಸರ್ವರನಿಗೂ ತಮಗೂ ಹೆಸರು ಒಂದೇ ಆಗಿರುವುದು ಎಷ್ಟು ಸಮಂಜಸ!

ನನ್ನ ಅಕ್ಕ ದಂತವೈದ್ಯೆ. ಹದಿನಾರು ವರ್ಷ ಇನ್ನೊಬ್ಬರ ಆಸ್ಪತ್ರೆಯಲ್ಲಿ, ಇನ್ನೊಬ್ಬರ ಹೆಸರಿನ ಫಲಕದ ಕೆಳಗೆ ಊರವರ ಹಲ್ಲುಗಳನ್ನು ಉಳಿಸಿದವಳು, ಕಳೆದ ಸೋಮವಾರ ತನ್ನದೇ ಕ್ಲಿನಿಕ್ ತೆರೆದಳು: ಒಂದು ಕುರ್ಚಿ, ಒಂದು ಕಿಟಕಿ, ಹೆದರಿದ ಮಕ್ಕಳು ಎಣಿಸಲೆಂದು ಚಾವಣಿಗೆ ಅಂಟಿಸಿದ ನಲವತ್ತು ಮೀನುಗಳು. ಆ ಕುರ್ಚಿ ತುಂಬದಿದ್ದರೆ ಹಳೆಯ ಆಸ್ಪತ್ರೆಗೆ ಮರಳಿ ಹೋಗಿ ನಿಲ್ಲಬೇಕು. ಅಲ್ಲಿನ ದೊಡ್ಡ ಡಾಕ್ಟರು ಬೀಳ್ಕೊಡುವಾಗಲೇ ‘ನಿಮ್ಮ ಜಾಗ ಒಂದು ತಿಂಗಳು ಖಾಲಿ ಇಟ್ಟಿರ್ತೀನಮ್ಮ, ಸಂಕೋಚ ಬೇಡ’ ಎಂದು ಹಲ್ಲು ಕಿರಿದಿದ್ದರಂತೆ. ಆ ಹಲ್ಲನ್ನೂ ಅಕ್ಕನೇ ಕಟ್ಟಿದ್ದು.

ಆಮಂತ್ರಣ ಅಚ್ಚಾಗುವ ಹೊತ್ತಿಗೆ ಕ್ಲಿನಿಕ್ಕಿಗೆ ಫೋನ್ ಬಂದಿರಲಿಲ್ಲವಾದ್ದರಿಂದ, ನಂಬರಿನ ಬದಲು ವೆಬ್ ವಿಳಾಸವನ್ನೇ ದಪ್ಪ ಅಕ್ಷರದಲ್ಲಿ ಹಾಕಿಸಿ, ನಂಬರನ್ನು ಪುಟದಲ್ಲಿ ಕೊಡೋಣ ಎಂದು ಸಲಹೆಯಿತ್ತ ಬುದ್ಧಿವಂತ ನಾನೇ. ಪ್ರೆಸ್ಸಿನ ಯಜಮಾನರು ವಿಳಾಸ ನೋಡಿ, ‘ಮುಂದೆ ಮೂರು ಡಬ್ಲ್ಯು ಇಲ್ದೆ ಇದ್ರೆ ಇನಿಷಿಯಲ್ ಇಲ್ಲದ ಹೆಸರಿದ್ದ ಹಾಗೆ, ಬೋಳಾಗಿ ಕಾಣುತ್ತೆ’ ಎಂದು ಕರುಣೆಯಿಂದ ಮೂರನ್ನೂ ಸೇರಿಸಿದರು. ಕರಡು ತಿದ್ದಿದವನೂ ನಾನೇ. ಅಕ್ಕನ ಪದವಿಗಳ ನಡುವಿನ ಚುಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಆದರೆ ಅವಳ ಕಡತದಲ್ಲಿ ನಾನು ಬರೆದಿದ್ದುದು ಬೋಳು ಹೆಸರೊಂದನ್ನೇ. ಮೂರು ಡಬ್ಲ್ಯು ಹಚ್ಚಿಕೊಂಡು ಬಂದರೂ ಅವಳು ಅವಳೇ ಎಂಬುದು ಲೋಕಕ್ಕೆಲ್ಲ ಗೊತ್ತು. ತಮಗೆ ಮಾತ್ರ ಬರೆದು ಕೊಡಬೇಕು. ‘ಬರೆದಿದ್ದೆಲ್ಲ ಸರಿಯಿದೆಯೇ?’ ಎಂದು ತಮ್ಮನ್ನು ಕೇಳಿದಾಗ ತಾವು ಕೊಟ್ಟ ಉತ್ತರ ‘ಸರಿಯಿದೆ’. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ತಮ್ಮ ಜಾಯಮಾನವನ್ನು ಅಂದೇ ಅರಿಯಬೇಕಿತ್ತು.

ಇನ್ನು ಅಕ್ಷರಮಾಲೆಯ ಮೊದಲ ಮನೆ. ಅದು ಹಳೆಯ ಕಟ್ಟಡಗಳನ್ನು ಕೆಡವುವ ಗುತ್ತಿಗೆದಾರರದು. ಊರೆಲ್ಲ ಅವರನ್ನು ಸುತ್ತಿಗೆಯಣ್ಣ ಎಂದೇ ಕರೆಯುವುದು. ಟೆಲಿಫೋನ್ ಪುಸ್ತಕವಿದ್ದ ಕಾಲದಲ್ಲಿ, ಎಲ್ಲರಿಗಿಂತ ಮೊದಲು ತಮ್ಮ ಹೆಸರೇ ಕಾಣಲೆಂದು ಅಂಗಡಿಯ ಹೆಸರಿಗೆ ಅವರು ಮೂರು ಎ ಅಕ್ಷರ ಹಚ್ಚಿದ್ದರು. ಪುಸ್ತಕ ಹೋಯಿತು, ಎ ಉಳಿಯಿತು. ಹೀಗಾಗಿ ಆಮಂತ್ರಣ ಹಿಡಿದು, ಕೆನ್ನೆಗೆ ಕೈಯಿಟ್ಟುಕೊಂಡು, ವಿಳಾಸವನ್ನು ಅಕ್ಷರ ಬಿಡದೆ ಟೈಪಿಸಿದ ಪ್ರತಿಯೊಬ್ಬರ ಕಣ್ಣಿಗೂ ತಾವು ಹಿಡಿದ ಪುಟದಲ್ಲಿ ಇದ್ದುದು ಇಷ್ಟು: ‘ವಾಲಿದ್ದು, ಸಡಿಲವಾದದ್ದು, ಬಿರುಕು ಬಿಟ್ಟಿದ್ದು, ಏನೇ ಇರಲಿ, ಒಂದೇ ದಿನದಲ್ಲಿ ಬುಡಸಮೇತ ತೆಗೆದುಕೊಡುತ್ತೇವೆ. ಅಕ್ಕಪಕ್ಕದ್ದಕ್ಕೆ ಧಕ್ಕೆಯಾದರೆ ನಾವು ಹೊಣೆಯಲ್ಲ.’ ಕೆಳಗೆ, ಹೆಗಲ ಮೇಲೆ ಸುತ್ತಿಗೆ ಹೊತ್ತ ಆರು ಜನರ ಫೋಟೊ, ಮತ್ತು ಫೋನ್ ನಂಬರು.

ತಮ್ಮ ಕಾರ್ಯದಕ್ಷತೆಯನ್ನು ನಾನಿಲ್ಲಿ ಹೊಗಳದಿದ್ದರೆ ಕೃತಘ್ನನಾದೇನು. ನಾಲ್ಕು ದಿನಗಳಲ್ಲಿ ಇನ್ನೂರ ಹನ್ನೆರಡು ಸಲ ಆ ಪುಟವನ್ನು ತಾವು ರೆಪ್ಪೆ ಮಿಟುಕಿಸುವುದರೊಳಗೆ ತೋರಿಸಿದ್ದೀರಿ. ಅಷ್ಟೇ ಅಲ್ಲ, ತಮ್ಮ ದಿನಚರಿಯಲ್ಲಿ ಪ್ರತಿಯೊಂದರ ಮುಂದೆಯೂ ‘ಯಶಸ್ವಿ’ ಎಂಬ ಅರ್ಥದ ಅಂಕಿಯನ್ನು ನಮೂದಿಸಿದ್ದೀರಿ. ಇನ್ನೂರ ಹನ್ನೆರಡು ಯಶಸ್ಸುಗಳು! ಅದೇ ನಾಲ್ಕು ದಿನ ಅಕ್ಕ ಬಿಳಿ ಕೋಟು ತೊಟ್ಟು, ಸಲಕರಣೆಗಳನ್ನು ಬೆಳಿಗ್ಗೆಯೂ ಸಂಜೆಯೂ ಕುದಿಸಿ, ಮೀನುಗಳನ್ನು ತಾನೇ ಎಣಿಸಿ, ಮೂವತ್ತೊಂಬತ್ತೇ ಇವೆ ಎಂದು ಕಂಡುಹಿಡಿದಿದ್ದಳು. ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಹಳೆಯದಾಯಿತು. ವೈದ್ಯೆ ಇದ್ದಲ್ಲಿಗೆ ಹಲ್ಲೇ ಬಾರದಂತೆ ಮಾಡಿದ ಕೀರ್ತಿ ತಮ್ಮದು. ಅವಳ ಫೋನಿನಲ್ಲಿ ನಾನು ಕಳಿಸಿದ್ದ ಬೋಳು ವಿಳಾಸವಿತ್ತಾಗಿ ಅವಳಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಬುಧವಾರ ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: ‘ಆ ಆಸ್ಪತ್ರೇಲಿ ಜನಕ್ಕೆ ಬೇಕಾಗಿದ್ದು ನಾನಲ್ಲ, ಆ ಫಲಕ ಅನ್ಸುತ್ತೆ, ಅಲ್ವೇನೋ?’ ನಾನು ತಮ್ಮ ಕೋಣೆಗೆ ಬಂದು ಇಣುಕಿದೆ. ತಮಗೆ ಹೊಳೆಯುತ್ತಿದ್ದುದು ಹಸಿರು ದೀಪವೊಂದೇ.

ಗುರುವಾರ ಮಧ್ಯಾಹ್ನ ಸುತ್ತಿಗೆಯಣ್ಣ, ಮೈತುಂಬ ಸುಣ್ಣದ ಧೂಳು ಹೊತ್ತು, ಕೈಯಲ್ಲೊಂದು ಉದ್ದನೆಯ ನೋಟುಪುಸ್ತಕ ಹಿಡಿದು ಕ್ಲಿನಿಕ್ಕಿಗೆ ಬಂದರು. ಮೊದಲ ದಿನವೇ ಯಾರೋ ಹೆಂಗಸು ಫೋನ್ ಮಾಡಿ ‘ನೋವಾಗುತ್ತಾ?’ ಎಂದು ಕೇಳಿದ್ದಕ್ಕೆ, ಇವರು ‘ನಮಗೇನೂ ಆಗಲ್ಲಮ್ಮ, ಪಕ್ಕದ ಮನೆಯೋರಿಗೆ ಸ್ವಲ್ಪ’ ಎಂದಿದ್ದರಂತೆ. ಆಮೇಲೆ ಕರೆ ಮಾಡಿದವರೊಬ್ಬರು ಆಮಂತ್ರಣದಲ್ಲಿದ್ದ ಅಕ್ಕನ ಹೆಸರು ಓದಿದಾಗ ವಿಷಯ ತಿಳಿದು, ಹಿಡಿದ ಕೆಲಸ ಮುಗಿಯುವವರೆಗೆ ಬಂದ ಕರೆಗಳನ್ನೆಲ್ಲ ತಮ್ಮ ಕಸುಬಿನ ಪದ್ಧತಿಯಂತೆ ಬರೆದಿಟ್ಟುಕೊಂಡಿದ್ದರು. ‘ಶಾಲೆ ಮೇಷ್ಟ್ರು: ಕೆಳ ಅಂತಸ್ತು, ಎಡ ಮೂಲೆ, ಅಲ್ಲಾಡ್ತಿದೆ. ಅಂಚೆಯಮ್ಮ: ಮೇಲಂತಸ್ತು, ಮುಂಭಾಗ, ಒಂದು ಕಂಬ ಬಿದ್ದಿದೆ. ಮಗು, ಆರು ವರ್ಷ: ತಾನೇ ಬೀಳುತ್ತೆ, ಆದ್ರೂ ಡಾಕ್ಟ್ರಮ್ಮ ನೋಡ್ಲಿ.’ ಹೀಗೆ ಮೂವತ್ತೊಂದು ಹೆಸರು, ಮೂವತ್ತೊಂದು ನಂಬರು. ‘ಇವರೆಲ್ಲ ನಿಮ್ಮೋರು ಡಾಕ್ಟ್ರಮ್ಮಾ, ಹೆದರ್ಕೊಂಡಿದಾರೆ, ನೀವೇ ಮಾತಾಡಿ’ ಎಂದರಂತೆ.

ಅಕ್ಕ ಪುಸ್ತಕವನ್ನು ಎರಡು ಸಲ ಓದಿ, ನನಗೆ ಫೋನ್ ಮಾಡಿ, ‘ಹದಿನಾರು ವರ್ಷ ಹಲ್ಲು ಉಳಿಸೋದು ಕಲ್ತೆ ಕಣೋ, ನೀನು ನಾಲ್ಕೇ ದಿನದಲ್ಲಿ ನೆಲಸಮ ಮಾಡಿದೆಯಲ್ಲೋ ತಮ್ಮಾ’ ಎಂದಳು. ಆ ಕ್ಷಣವೇ ತಮ್ಮಲ್ಲಿಗೆ ಬಂದು ಅವಳ ಕಡತದಲ್ಲಿ ಮೂರು ಡಬ್ಲ್ಯುವಿನ ಹೆಸರನ್ನೂ ಬರೆದೆ. ಒಂದೇ ಸಾಲು. ತಾವು ‘ಸರಿಯಿದೆ’ ಎಂದಿರಿ, ಮೊದಲ ಸಲ ಹೇಳಿದ ಅದೇ ಧಾಟಿಯಲ್ಲಿ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ತೀರ ಅಲ್ಪ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ವಿದ್ಯೆಯನ್ನು ಯಾವ ಮನುಷ್ಯನಿಂದಲಾದರೂ ಕಲಿಯಬೇಕು. ಕಲಿಸಬಲ್ಲವರು ಸಿಕ್ಕರೆ ನನಗೂ ತಿಳಿಸಬೇಕು. ಕೆನ್ನೆ ಊದಿದವರ ಮುಂದೆ ಸುತ್ತಿಗೆ ಹಿಡಿಯುವಾಗ ಆ ಹಸಿರು ದೀಪವನ್ನು ಅರೆಗಳಿಗೆಯಾದರೂ ಕೆಂಪಾಗಿಸಿ ನಾಚಬೇಕು. ಆ ಇನ್ನೂರ ಹನ್ನೆರಡು ಯಶಸ್ಸುಗಳನ್ನು ವಾಪಸು ಪಡೆದು, ಅವುಗಳ ಜಾಗದಲ್ಲಿ ಒಂದನ್ನು ಮಾತ್ರ ನಮೂದಿಸಿಕೊಳ್ಳಬೇಕು: ಗುರುವಾರ ನಾಲ್ಕು ಗಂಟೆಗೆ, ಅಕ್ಕನ ಕುರ್ಚಿಯಲ್ಲಿ ಮೊಟ್ಟಮೊದಲು ಕುಳಿತವರು ಸುತ್ತಿಗೆಯಣ್ಣ. ಮೂರು ವರ್ಷದಿಂದ ಹೆದರಿ ಮುಂದೂಡಿದ್ದ ದವಡೆ ಹಲ್ಲು. ‘ಕೆಡವೋದೇ ತಾನೆ?’ ಎಂದು ಕಣ್ಣುಮುಚ್ಚಿ ಕೇಳಿದರಂತೆ. ಅಕ್ಕ ‘ಇಲ್ಲಣ್ಣ, ಇದನ್ನ ಉಳಿಸ್ಬೋದು. ನೀವು ಮೀನು ಎಣಿಸ್ತಿರಿ’ ಎಂದಳಂತೆ. ಅವರಿಗೆ ನಲವತ್ತು ಸಿಕ್ಕವು.

ಫ್ಯಾನಿನ ಗಾಳಿ ತಮಗೆ, ಬೈಗುಳ ನನಗೆ ಎಂಬ ಒಪ್ಪಂದಕ್ಕೆ ಇಂದಿಗೂ ಬದ್ಧನಾದ,

ತಮ್ಮ ವಿಶ್ವಾಸಿ,
ಮೆಟ್ಟಿಲ ಕೆಳಗಿನವನು

ತಾ.ಕ.: ಈ ಪತ್ರ ಬಹಿರಂಗವಾಗಬೇಕಾದ್ದರಿಂದ ತಮ್ಮಲ್ಲೇ ಎಂಟನೆಯ ಮನೆಯಾಗಿ ಇಟ್ಟಿದ್ದೇನೆ, ಓದಲು ಬಂದವರನ್ನು ದಯಮಾಡಿ ಯಾವ ಕಟ್ಟಡವನ್ನೂ ಕೆಡವಲು ಕಳಿಸಬೇಡಿ. ಕರಡನ್ನು ಅಕ್ಕನಿಗೆ ಓದಿ ಹೇಳಿದೆ. ‘ಯಂತ್ರಕ್ಕೆ ಇಷ್ಟುದ್ದ ಬರೆಯೋಕೆ ಬಂತು, ಆ ಒಂದು ಸಾಲು ಬರೆಯೋಕೆ ಏನಾಗಿತ್ತೋ ನಿನಗೆ?’ ಎಂದಳು. ಇದಕ್ಕೆ ತಾವು ಉತ್ತರಿಸುವ ಅಗತ್ಯವಿಲ್ಲ.